ಫ್ರಾನ್ಸ್ ದೇಶದ ಸಂಗೀತಕರ್ತ್ರಿಯರು ಮತ್ತು ವಿಮರ್ಶೆಯ ಅಳತೆಗೋಲು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚರಿತ್ರೆಯನ್ನು ನಿರೂಪಿಸುವ ದೊಡ್ಡ ಗ್ರಂಥಗಳಲ್ಲಿ ಫ್ರಾನ್ಸ್ ದೇಶಕ್ಕೆ ಸಂಬಂಧಿಸಿದ ಭಾಗವನ್ನು ತೆರೆದು ನೋಡಿದರೆ ಲುಲ್ಲಿ, ಕೂಪರೆನ್, ರಾಮೋ, ಬೆರ್ಲಿಯೋಜ್, ಬಿಝೆ, ಸೇಂ-ಸಾನ್ಸ್, ದೆಬುಸ್ಸಿ, ರಾವೆಲ್ ಎಂಬ ಹೆಸರುಗಳು ಒಂದರ ಹಿಂದೊಂದು ಸಾಲುಗೊಂಡು ಬರುತ್ತವೆ. ಸ್ತ್ರೀಯರ ಹೆಸರು ಬಹುಕಾಲದವರೆಗೆ ಅವುಗಳಲ್ಲಿ ಅಪರೂಪವಾಗಿತ್ತು. ಬಂದರೂ ಅಡಿಟಿಪ್ಪಣಿಯಲ್ಲಿ, ಇಲ್ಲವೇ ಇಂಥವನ ಶಿಷ್ಯೆ, ಇಂಥವನ ಪತ್ನಿ ಎಂಬ ವಿಶೇಷಣದೊಡನೆ ಬರುತ್ತಿತ್ತು. ಕಳೆದ ಐವತ್ತು ವರ್ಷಗಳಲ್ಲಿ ಈ ಕೊರತೆ ತಕ್ಕಮಟ್ಟಿಗೆ ತುಂಬಿಬಂದಿದೆ. ಹಸ್ತಪ್ರತಿಗಳು ಸಂಪಾದಿತವಾಗಿವೆ, ಧ್ವನಿಮುದ್ರಣಗಳು ಹೊರಬಂದಿವೆ. ಆದುದರಿಂದ ಈಗ ಕೇಳಬೇಕಾದ ಪ್ರಶ್ನೆ ಇಂಥವರು ಇದ್ದರೇ ಎಂಬುದಲ್ಲ, ಇವರ ಕೃತಿಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು.

ಈ ವಿಚಾರದಲ್ಲಿ ಎರಡು ಮಾತುಗಳು ರೂಢಿಯಲ್ಲಿವೆ. ಸ್ತ್ರೀಯರಿಗೆ ಹಾಡುವ ನುಡಿಸುವ ಶಕ್ತಿಯುಂಟು, ರಚಿಸುವ ಶಕ್ತಿಯಿಲ್ಲವೆಂಬುದು ಒಂದು. ಇದು ಹಳೆಯ ಮಾತು. ಶಕ್ತಿಯಿದ್ದರೂ ಲೋಕವು ಅದನ್ನು ಕಾಣಲಿಲ್ಲ, ಕೇಳಲಿಲ್ಲ, ಕತ್ತಲೆಯಲ್ಲಿ ಇಟ್ಟಿತು ಎಂಬುದು ಇನ್ನೊಂದು; ಇದು ಹೊಸದು. ಫ್ರಾನ್ಸಿನ ಸಾಮಗ್ರಿಯನ್ನು ಎದುರಿಗಿಟ್ಟುಕೊಂಡರೆ ಎರಡೂ ಸರಿಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ. ಈ ಸಂಗೀತಕರ್ತ್ರಿಯರಲ್ಲಿ ಮುಖ್ಯರಾದವರು ತಮ್ಮ ಕಾಲದಲ್ಲಿ ಕತ್ತಲೆಯಲ್ಲಿ ಇರಲಿಲ್ಲ. ಅರಸನ ಆಸ್ಥಾನ, ರಾಜಧಾನಿಯ ಸಂಗೀತಶಾಲೆ, ಅಕಾಡೆಮಿಯ ಪಾರಿತೋಷಕ, ಪತ್ರಿಕೆಗಳ ಪ್ರಶಂಸೆ ಎಲ್ಲವೂ ಅವರಿಗೆ ದೊರೆತಿದ್ದವು. ಹಾಗಿದ್ದರೂ ಆ ಪ್ರಶಂಸೆ ಅವರ ಮರಣಾನಂತರ ಉಳಿಯಲಿಲ್ಲ. ಏಕೆ ಉಳಿಯಲಿಲ್ಲವೆಂಬುದಕ್ಕೆ ಉತ್ತರವು ಬಹುಮಟ್ಟಿಗೆ ಆ ಪ್ರಶಂಸೆಯ ಭಾಷೆಯಲ್ಲಿಯೇ ಅಡಗಿದೆ.

ಇಲ್ಲಿ ಶಬ್ದದ ವಿಷಯವಾಗಿ ಒಂದು ಮಾತು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ‘ವಾಗ್ಗೇಯಕಾರ’ನೆಂದರೆ ಮಾತು ಧಾತು ಎರಡನ್ನೂ ತಾನೇ ಕಟ್ಟುವವನು. ಪಾಶ್ಚಾತ್ಯರಲ್ಲಿ ಸಾಹಿತ್ಯವು ಸಾಮಾನ್ಯವಾಗಿ ಬೇರೊಬ್ಬ ಕವಿಯದು. ಸಿಂಫೊನಿಯೇ ಮೊದಲಾದ ವಾದ್ಯರಚನೆಗಳಲ್ಲಿ ಸಾಹಿತ್ಯವೇ ಇಲ್ಲ. ಆದ್ದರಿಂದ ಆ ಶಬ್ದವನ್ನು ಬಿಟ್ಟು ‘ಸಂಗೀತಕರ್ತ್ರಿ’ ಎಂದು ಇಲ್ಲಿ ಬಳಸಿದೆ. ಮುಂದೆ ಹೇಳಲಿರುವ ಓಗುಸ್ತಾ ಓಲ್ಮೆಸ್ ಎಂಬಾಕೆ ಮಾತ್ರ ತನ್ನ ಗೀತನಾಟಕಗಳ ಸಾಹಿತ್ಯವನ್ನು ತಾನೇ ಬರೆದುಕೊಳ್ಳುತ್ತಿದ್ದುದರಿಂದ ನಮ್ಮ ಶಬ್ದಕ್ಕೆ ಪೂರ್ಣವಾಗಿ ಅರ್ಹಳಾದವಳು.

ಕಾಲಕ್ರಮದಲ್ಲಿ ಮೊದಲು ಬರುವವಳು ಎಲಿಝಬೆತ್ ಜಾಕೆ ದ ಲಾ ಗೆರ್. ಈಕೆ ೧೬೬೫ರಲ್ಲಿ ಪ್ಯಾರಿಸ್ಸಿನಲ್ಲಿ ಸಂಗೀತಗಾರರ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಹದಿನಾಲ್ಕನೆಯ ಲೂಯಿಯ ಎದುರಿಗೆ ಹಾರ್ಪ್ಸಿಕಾರ್ಡ್ ನುಡಿಸಿ, ಆಸ್ಥಾನದ ಆಶ್ರಯದಲ್ಲಿ ಬೆಳೆದಳು. ೧೬೮೭ರಲ್ಲಿ ಆಕೆಯ ಮೊದಲ ಹಾರ್ಪ್ಸಿಕಾರ್ಡ್ ಪುಸ್ತಕವು ಅಚ್ಚಾಯಿತು. ಅದರಲ್ಲಿ ತಾಳದ ಕಟ್ಟಿಲ್ಲದೆ, ಕಾಲದ ನಿಯಮವನ್ನು ನುಡಿಸುವವರ ವಿವೇಚನೆಗೇ ಬಿಟ್ಟ ಪ್ರೆಲ್ಯೂಡುಗಳಿವೆ. ಇಂಥ ರಚನೆ ಆಗ ಫ್ರಾನ್ಸಿನಲ್ಲಿ ಬಳಕೆಯಲ್ಲಿತ್ತು. ನಮ್ಮ ಕಿವಿಗೆ ಅದು ಆಲಾಪನೆಯನ್ನು ನೆನಪಿಗೆ ತರುತ್ತದೆಯಾದರೂ ಸ್ವರಗಳೆಲ್ಲ ಮೊದಲೇ ಬರೆದಿಟ್ಟವು. ಸಾದೃಶ್ಯವನ್ನು ಅದಕ್ಕಿಂತ ಮುಂದಕ್ಕೆ ಎಳೆಯಬಾರದು.

೧೬೯೪ರಲ್ಲಿ ಈಕೆಯ ‘ಸೆಫಾಲ್ ಎ ಪ್ರೊಕ್ರಿಸ್’ ಎಂಬ ಗೀತನಾಟಕವು ರಾಜಕೀಯ ಸಂಗೀತ ಅಕಾಡೆಮಿಯ ರಂಗದಲ್ಲಿ ಪ್ರದರ್ಶಿತವಾಯಿತು. ಫ್ರಾನ್ಸಿನಲ್ಲಿ ಸ್ತ್ರೀಯೊಬ್ಬಳು ರಚಿಸಿದ ಗೀತನಾಟಕವು ರಂಗವೇರಿದ್ದು ಇದೇ ಮೊದಲು. ಐದಾರು ಪ್ರದರ್ಶನಗಳಿಗೆ ಅದು ನಿಂತುಹೋಯಿತು. ಈ ಸೋಲನ್ನು ಕರ್ತ್ರಿಯ ಸ್ತ್ರೀತ್ವಕ್ಕೆ ಗಂಟುಹಾಕುವುದು ಸುಲಭ. ಆದರೆ ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. ಲುಲ್ಲಿಯು ೧೬೮೭ರಲ್ಲಿ ತೀರಿಕೊಂಡ ಮೇಲೆ ಹಲವು ವರ್ಷಗಳ ಕಾಲ ಪ್ಯಾರಿಸ್ಸಿನ ಪ್ರೇಕ್ಷಕರು ಅವನ ಶೈಲಿಯನ್ನಲ್ಲದೆ ಬೇರೊಂದನ್ನು ಸಹಿಸಲಿಲ್ಲ. ಹಿಂದಿನ ವರ್ಷವಷ್ಟೇ ಬಂದಿದ್ದ ಶಾರ್ಪಾಂತಿಯೆಯ ‘ಮೆದೇ’ಯೂ ಹೀಗೆಯೇ ಸೋತಿತ್ತು, ಅದನ್ನು ಇಂದು ಆ ಶತಮಾನದ ಉತ್ತಮ ಗೀತನಾಟಕಗಳಲ್ಲಿ ಒಂದೆಂದು ಎಣಿಸುತ್ತಾರೆ. ಲಾ ಗೆರ್‌ಳ ಕೃತಿಯಲ್ಲಿ ಗೀತನಾಟಕದ ಕಟ್ಟು ಕೆಲವೆಡೆ ಸಡಿಲವಾಗಿರುವುದು ನಿಜ. ದೋಷದಲ್ಲಿ ಒಂದು ಪಾಲು ಸಾಹಿತ್ಯವನ್ನು ಬರೆದ ದ್ಯುಶೆಗೆ ಸಲ್ಲಬೇಕು.

ಆಕೆಯ ಪ್ರತಿಭೆ ಹರಳುಗಟ್ಟಿದ್ದು ಚಿಕ್ಕ ರೂಪಗಳಲ್ಲಿ: ಪಿಟೀಲಿನ ಸೊನಾಟಗಳಲ್ಲಿ, ಮತ್ತು ಬೈಬಲ್ಲಿನ ಎಸ್ತೇರ್, ಜೂಡಿತ್, ಸುಸಾನ್ನ ಮೊದಲಾದವರ ಕಥೆಗಳನ್ನು ವಸ್ತುವಾಗಿಸಿ ೧೭೦೮ ಮತ್ತು ೧೭೧೧ರಲ್ಲಿ ಪ್ರಕಟಿಸಿದ ಕಾಂತಾತಗಳಲ್ಲಿ. ‘ಜೂಡಿತ್’ ಕಾಂತಾತದಲ್ಲಿ ಹೊಲೊಫೆರ್ನಸನು ನಿದ್ದೆಹೋಗುವ ಪ್ರಸಂಗವನ್ನು ಮಾತಿಲ್ಲದ ವಾದ್ಯಭಾಗವೊಂದರಿಂದ ಸೂಚಿಸಿರುವ ರೀತಿ ಯಾವ ದೊಡ್ಡ ಹೆಸರಿನ ಪಕ್ಕದಲ್ಲಿಯೂ ನಿಲ್ಲಬಲ್ಲದು. ೧೭೨೯ರಲ್ಲಿ ಆಕೆ ತೀರಿಕೊಂಡ ಮೇಲೆ ತಿತೋಂ ದ್ಯು ತಿಯೆಯು ೧೭೩೨ರ ತನ್ನ ‘ಫ್ರೆಂಚ್ ಪರ್ನಾಸಸ್’ ಗ್ರಂಥದಲ್ಲಿ ಕವಿಗಳ ಮತ್ತು ಸಂಗೀತಗಾರರ ನಡುವೆ ಆಕೆಗೂ ಗೌರವದ ಸ್ಥಾನವನ್ನು ಕೊಟ್ಟನು. ಆಮೇಲೆ ಮೌನ. ೧೬೮೭ರ ಆ ಪುಸ್ತಕವು ನಷ್ಟವಾಯಿತೆಂದೇ ಬಹುಕಾಲ ತಿಳಿಯಲಾಗಿದ್ದು, ಇಪ್ಪತ್ತನೆಯ ಶತಮಾನದಲ್ಲಿ ವೆನಿಸ್ ನಗರದಲ್ಲಿ ಅದರ ಪ್ರತಿಯೊಂದು ದೊರೆಯಿತು. ಅಚ್ಚಾಗಿದ್ದುದರಿಂದ ದೊರೆಯಿತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ಅಚ್ಚಿನ ಮಾತು ಮುಂದೆಯೂ ಬರುವುದು.

ಪ್ರಸ್ತುತ ವಿಷಯದ ನಡುಗಂಬವೆಂದು ನಾನು ಎಣಿಸುವವಳು ಲೂಯೀಸ್ ಫರಾಂಕ್. ೧೮೦೪ರ ಮೇ ೩೧ರಂದು ಪ್ಯಾರಿಸ್ಸಿನಲ್ಲಿ ದ್ಯುಮೋಂ ಎಂಬ ಶಿಲ್ಪಿಗಳ ಮನೆತನದಲ್ಲಿ ಜನಿಸಿದಳು. ತಂದೆ ಶಿಲ್ಪಿ; ಅಣ್ಣ ಓಗುಸ್ತ್ ದ್ಯುಮೋಂ ಬಾಸ್ತೀಯ್ ಚೌಕದ ಜುಲೈ ಸ್ತಂಭದ ತುದಿಯಲ್ಲಿ ನಿಂತಿರುವ ಸ್ವಾತಂತ್ರ್ಯದೇವನ ಪ್ರತಿಮೆಯನ್ನು ಕಡೆದವನು. ಕಲೆಯೆಂಬುದು ದಿನನಿತ್ಯದ ದುಡಿಮೆಯೆಂದು ಬಲ್ಲ ಮನೆಯಲ್ಲಿ ಬೆಳೆದುದರಿಂದಲೋ ಏನೋ, ಈಕೆಯ ರಚನೆಗಳಲ್ಲಿ ಆಡಂಬರವು ಎಲ್ಲಿಯೂ ಕಾಣುವುದಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಆಂತೋನ್ ರೈಖಾನ ಬಳಿ ರಚನಾಶಾಸ್ತ್ರವನ್ನು ಕಲಿಯತೊಡಗಿದಳು. ಈ ರೈಖಾನು ಬೀಥೊವನ್ನನ ಗೆಳೆಯ, ಬೆರ್ಲಿಯೋಜ್ ಮತ್ತು ಸೆಸಾರ್ ಫ್ರಾಂಕರಿಗೂ ಗುರು. ೧೮೨೧ರಲ್ಲಿ ಕೊಳಲುವಾದಕನೂ ಸಂಗೀತಪ್ರಕಾಶಕನೂ ಆದ ಆರಿಸ್ತೀದ್ ಫರಾಂಕನನ್ನು ಮದುವೆಯಾದಳು. ಹೆಂಡತಿಯ ರಚನೆಗೆ ಗಂಡ ಅಡ್ಡಬಂದ ಕಥೆಗಳು ಈ ಚರಿತ್ರೆಯಲ್ಲಿ ಹೇರಳವಾಗಿವೆ. ಇಲ್ಲಿ ಗಂಡನೇ ಅಚ್ಚುಹಾಕಿಸಿದನು, ಪ್ರಯೋಗಗಳಿಗಾಗಿ ಓಡಾಡಿದನು. ೧೮೪೨ರಲ್ಲಿ ಪ್ಯಾರಿಸ್ಸಿನ ಕಾನ್ಸರ್ವತ್ವಾರ್ ಎಂಬ ರಾಷ್ಟ್ರೀಯ ಸಂಗೀತಶಾಲೆಯಲ್ಲಿ ಪಿಯಾನೋ ಪ್ರಾಧ್ಯಾಪಕಳಾಗಿ ನೇಮಕಗೊಂಡು ೧೮೭೩ರವರೆಗೆ ಆ ಪದವಿಯಲ್ಲಿದ್ದಳು. ಆ ಶತಮಾನದಲ್ಲಿ ಆ ಶಾಲೆಯಲ್ಲಿ ಅಂಥ ಖಾಯಂ ಪದವಿಯನ್ನು ಅಷ್ಟು ದೀರ್ಘಕಾಲ ವಹಿಸಿದ ಸ್ತ್ರೀ ಈಕೆಯೊಬ್ಬಳೇ. ಆದರೆ ಕಲಿಸಿದ್ದು ಹೆಣ್ಣುಮಕ್ಕಳ ಪಿಯಾನೋ ತರಗತಿಗೆ. ರಚನಾಶಾಸ್ತ್ರವನ್ನು ಕಲಿಸುವ ಪೀಠವು ಆಕೆಯ ಪಾಲಿಗೆ ಬರಲಿಲ್ಲ.

ಫರಾಂಕಳನ್ನು ಕುರಿತ ವಿಮರ್ಶೆಗಳಲ್ಲಿ ಎರಡನ್ನು ಹೋಲಿಸಿ ನೋಡುವುದು ಉಪಯುಕ್ತ. ೧೮೩೬ರಲ್ಲಿ ರಾಬರ್ಟ್ ಶೂಮಾನನು ತನ್ನ ಪತ್ರಿಕೆಯಲ್ಲಿ ಈಕೆಯ ಪಿಯಾನೋ ಕೃತಿಯೊಂದನ್ನು, ರಷ್ಯದ ಮಟ್ಟೊಂದರ ಮೇಲೆ ಕಟ್ಟಿದ ವೇರಿಯೇಷನ್ನುಗಳನ್ನು, ಪರಿಶೀಲಿಸಿದನು. ಅದರಲ್ಲಿ ಆತನು ಗುರುವಿನ ಕಣ್ಣೆದುರಿಗೆ ಮುಗಿಸಿದ ಅಭ್ಯಾಸಗಳೋ ಏನೋ ಎಂದು ಸಣ್ಣ ಸಂಶಯವನ್ನು ಸೂಚಿಸಿದರೂ, ಹಿಡಿದು ಹೇಳಿದ ಮಾತುಗಳು ರೇಖೆಯ ಖಚಿತತೆ, ಬೆಳವಣಿಗೆಯ ಕ್ರಮ, ಮುಗಿತಾಯದ ಹದ ಇವುಗಳನ್ನು ಕುರಿತವು. ಎಂದರೆ ಮಾತೆಲ್ಲ ಕೃತಿಯ ಮೇಲೆಯೇ. ೧೮೪೦ರಲ್ಲಿ ಬೆರ್ಲಿಯೋಜನು ಈಕೆಯ ಓವರ್ಚರ್ ಒಂದನ್ನು ಕೇಳಿ ಬರೆದಾಗ, ಅದು ಚೆನ್ನಾಗಿ ಬರೆದದ್ದೆಂದೂ, ಸ್ತ್ರೀಯರಲ್ಲಿ ವಿರಳವಾದ ಪ್ರತಿಭೆಯಿಂದ ವಾದ್ಯಗಳನ್ನು ಜೋಡಿಸಿದೆಯೆಂದೂ ಹೇಳಿದನು. ವಾದ್ಯಯೋಜನೆಯಲ್ಲಿ ಬೆರ್ಲಿಯೋಜನಿಗಿಂತ ದೊಡ್ಡ ಪ್ರಮಾಣಪುರುಷನು ಆಗ ಯೂರೋಪಿನಲ್ಲಿ ಇರಲಿಲ್ಲ. ಅಂಥವನ ಬಾಯಿಂದ ಬಂದ ಮೆಚ್ಚುಗೆ ಚಿಕ್ಕದಲ್ಲ. ಆದರೂ ಆ ಒಂದು ವಿಶೇಷಣವು ಮೆಚ್ಚುಗೆಯ ಬೆಲೆಯನ್ನು ಇಳಿಸುತ್ತದೆ. ಕೃತಿ ಚೆನ್ನಾಗಿದೆಯೆಂದರೆ ಮುಂದೆ ಬರುವ ಯಾವ ವಿಮರ್ಶಕನಾದರೂ ಅದನ್ನು ಪರೀಕ್ಷಿಸಬಹುದು. ಸ್ತ್ರೀಯರಲ್ಲಿ ವಿರಳವೆಂದರೆ ಅದು ಕೌತುಕವಾಯಿತು. ಕೌತುಕವನ್ನು ಯಾರೂ ಎರಡನೆಯ ಸಲ ಪರೀಕ್ಷಿಸುವುದಿಲ್ಲ. ಜೊತೆಗೆ, ಇಂಥ ವಿಶೇಷಣವು ಇನ್ನೊಬ್ಬ ಸ್ತ್ರೀಯ ಒಳ್ಳೆಯ ಕೃತಿ ಬಂದಾಗ ಮತ್ತೆ ಅದೇ ಆಶ್ಚರ್ಯವನ್ನು ಮೊದಲಿನಿಂದ ಆರಂಭಿಸುತ್ತದೆ. ಹಿಂದಿನವಳು ಪೂರ್ವಸೂರಿಯಾಗುವುದೇ ಇಲ್ಲ.

ಈ ಕಾರಣದಿಂದ ಫರಾಂಕಳ ಮೂರನೆಯ ಸಿಂಫೊನಿಯನ್ನು ಕೃತಿಯಾಗಿಯೇ ನೋಡೋಣ. ೧೮೪೧ರಿಂದ ೧೮೪೭ರವರೆಗೆ ಈಕೆ ಮೂರು ಸಿಂಫೊನಿಗಳನ್ನು ಬರೆದಳು. ಸಿಂಫೊನಿಯೆಂದರೆ ವಾದ್ಯವೃಂದಕ್ಕಾಗಿ ಸಾಮಾನ್ಯವಾಗಿ ನಾಲ್ಕು ಖಂಡಗಳಲ್ಲಿ ಕಟ್ಟುವ ದೊಡ್ಡ ರಚನೆ. ಮೂರನೆಯದು ಜಿ ಮೈನರ್ ಶ್ರುತಿಯದು. ೧೮೪೯ರಲ್ಲಿ ಕಾನ್ಸರ್ವತ್ವಾರಿನ ಸಂಗೀತಗೋಷ್ಠಿ ಸಂಘವು ಅದನ್ನು ಪ್ರಯೋಗಿಸಿತು. ಈ ಸಂಘವನ್ನು ೧೮೨೮ರಲ್ಲಿ ಅಬನೆಕನು ಸ್ಥಾಪಿಸಿದ್ದು ಮುಖ್ಯವಾಗಿ ಬೀಥೊವನ್ನನ ಸಿಂಫೊನಿಗಳನ್ನು ನುಡಿಸುವುದಕ್ಕೆ. ಬದುಕಿದ್ದ ಫ್ರೆಂಚರ ಸಿಂಫೊನಿಗಳಿಗೆ ಅಲ್ಲಿ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ.

ಮೊದಲ ಖಂಡವು ಓಬೋ ಒಂದರ ಒಂಟಿ ದನಿಯಿಂದ ಆರಂಭವಾಗುತ್ತದೆ. ಮಿಕ್ಕ ವಾದ್ಯಗಳು ಒಂದೊಂದಾಗಿ ಸೇರಿಕೊಂಡು, ನಿಧಾನವಾದ ಪೀಠಿಕೆ ಅರಿವಾಗದಂತೆ ವೇಗದ ಭಾಗಕ್ಕೆ ಇಳಿಯುತ್ತದೆ. ಟ್ರಂಪೆಟ್ಟೂ ಟ್ರೊಂಬೋನೂ ಈ ಸಿಂಫೊನಿಯಲ್ಲಿ ಇಲ್ಲ. ಹಿತ್ತಾಳೆಯ ವಾದ್ಯಗಳಲ್ಲಿ ಎರಡು ಹಾರ್ನುಗಳು ಮಾತ್ರ. ಬೆರ್ಲಿಯೋಜನ ‘ಫಾಂತಾಸ್ತೀಕ್’ ಬಂದು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ ಹೀಗೆ ಬರೆಯುವುದು ಬಡತನದಿಂದ ಆದುದಲ್ಲ, ಆಯ್ಕೆಯಿಂದ ಆದುದು. ಬಲವು ಇಲ್ಲಿ ಗದ್ದಲದಿಂದ ಬರುವುದಿಲ್ಲ. ತಂತಿವಾದ್ಯಗಳು ಒಂದನ್ನೊಂದು ಬೆನ್ನಟ್ಟುವ ಸ್ವರಗಳ ಹೆಣಿಗೆಯಿಂದ, ರೈಖಾನ ಪಾಠಶಾಲೆಯಲ್ಲಿ ಕಲಿತ ಕೌಂಟರ್‌ಪಾಯಿಂಟಿನಿಂದ ಬರುತ್ತದೆ. ಎರಡನೆಯ ಖಂಡದಲ್ಲಿ ಕ್ಲಾರಿನೆಟ್ ಹಾಡುವ ದೀರ್ಘವಾದ ರಾಗಪಂಕ್ತಿ ನನಗೆ ಇಡೀ ಕೃತಿಯಲ್ಲಿ ಅತ್ಯಂತ ಸುಂದರವಾದ ಭಾಗ. ಮೂರನೆಯದಾದ ಸ್ಕೆರ್ಟ್ಸೋದಲ್ಲಿ ಪಿಟೀಲುಗಳ ಪಿಸುಮಾತು ಮೆಂಡೆಲ್ಸೋನನನ್ನು ನೆನಪಿಗೆ ತರುತ್ತದೆ. ಇದನ್ನೇ ಹಿಡಿದು ಈಕೆ ಜರ್ಮನರ ಅನುಕರಣೆ ಮಾಡಿದಳೆಂದು ಹೇಳುವವರುಂಟು. ಅದು ಪೂರ್ಣವಾಗಿ ಸುಳ್ಳಲ್ಲ. ಫರಾಂಕಳು ಹೊಸ ಭಾಷೆಯನ್ನು ಸೃಷ್ಟಿಸಿದವಳಲ್ಲ. ಆದರೆ ಅಂದಿನ ಪ್ಯಾರಿಸ್ಸಿನಲ್ಲಿ ಗೀತನಾಟಕದ ಹುಚ್ಚು ಎಲ್ಲರನ್ನೂ ಹಿಡಿದಿದ್ದಾಗ ಜರ್ಮನರ ವಾದ್ಯಸಂಗೀತದ ಶಿಸ್ತನ್ನು ಹಿಡಿದು ನಿಲ್ಲುವುದು ಪ್ರವಾಹಕ್ಕೆ ಎದುರಾಗಿ ಈಜುವುದಾಗಿತ್ತು. ಕೊನೆಯ ಖಂಡವು ಮೊದಲಿನ ಮೂರರಷ್ಟು ಬಿಗಿಯಾಗಿಲ್ಲವೆಂದೂ ಹೇಳಿಬಿಡಬೇಕು. ಅಲ್ಲಿ ಆವೇಶವು ವಸ್ತುವಿಗಿಂತ ಹೆಚ್ಚಾಗಿದೆ.

ಈ ಮೂರು ಸಿಂಫೊನಿಗಳಲ್ಲಿ ಒಂದೂ ಆಕೆಯ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಪಿಯಾನೋ ಕೃತಿಗಳು ಅಚ್ಚಾದವು, ಪಿಯಾನೋ ಪಂಚಕಗಳು ಅಚ್ಚಾದವು, ಅವುಗಳನ್ನು ಕೊಳ್ಳುವವರಿದ್ದರು. ಸಿಂಫೊನಿಗೆ ಬೇಕಾದುದು ಐವತ್ತು ಜನ ವಾದಕರು, ಸಭಾಂಗಣ, ಪ್ರತಿಯೊಬ್ಬ ವಾದಕನಿಗೂ ಪ್ರತಿಮಾಡಿದ ಹಾಳೆ. ಅಚ್ಚಾಗದ ಸಿಂಫೊನಿಯನ್ನು ಲೇಖಕಿಯ ಮರಣಾನಂತರ ನುಡಿಸುವವರಾರು? ನ್ಯಾಯವಾಗಿ ಹೇಳುವುದಾದರೆ ಈ ಗತಿ ಪುರುಷರಿಗೂ ಬಂದದ್ದುಂಟು. ಬಿಝೆಯು ೧೮೫೫ರಲ್ಲಿ ಬರೆದ ಸಿಂಫೊನಿ ಮೊದಲ ಬಾರಿಗೆ ಕೇಳಿಬಂದದ್ದು ೧೯೩೫ರಲ್ಲಿ. ಆದರೆ ಬಿಝೆಗೆ ‘ಕಾರ್ಮೆನ್’ ಇತ್ತು. ಅದರ ಕೀರ್ತಿ ಅವನ ಹಳೆಯ ಕಾಗದಗಳನ್ನು ಹುಡುಕಿಸಿತು. ಫರಾಂಕಳು ಗೀತನಾಟಕವನ್ನು ಬರೆಯಲಿಲ್ಲ.

೧೮೫೦ರ ಸಂಗತಿಯೊಂದನ್ನು ಇಲ್ಲಿ ಹೇಳದೆ ಬಿಡಲಾಗದು. ಆ ವರ್ಷ ಆಕೆಯ ‘ನೊನೆಟ್’, ಎಂದರೆ ಒಂಬತ್ತು ವಾದ್ಯಗಳ ರಚನೆ, ಪ್ರಯೋಗವಾದಾಗ ಪಿಟೀಲು ಹಿಡಿದವನು ಆಗಿನ್ನೂ ತರುಣನಾಗಿದ್ದ ಯೋಸೆಫ್ ಯೋಆಖಿಮ್. ಅದು ಬಹಳ ಮೆಚ್ಚುಗೆಯನ್ನು ಪಡೆಯಿತು. ಸಂಗೀತಶಾಲೆಯಲ್ಲಿ ಫರಾಂಕಳಿಗೆ ಸಮಾನ ದರ್ಜೆಯ ಪುರುಷರಿಗಿಂತ ಕಡಮೆ ಸಂಬಳವಿತ್ತು. ಆಕೆ ಈ ಗೆಲವಿನ ಬೆನ್ನಿಗೇ ಅಧ್ಯಕ್ಷನಾದ ಓಬೆರನಿಗೆ ಪತ್ರ ಬರೆದು, ಪಿಯಾನೋ ಪ್ರಾಧ್ಯಾಪಕ ಆನ್ರಿ ಹೆರ್ತ್ಸನಿಗೆ ಸಮನಾದ ಸಂಬಳವನ್ನು ಕೇಳಿದಳು, ಅದು ದೊರೆಯಿತು. ಒಂಬತ್ತು ವಾದ್ಯಗಳಿಗೆ ಸಮವಾಗಿ ಮಾತು ಹಂಚಿಕೊಟ್ಟ ಕೃತಿಯಿಂದ ಸಮಾನ ಸಂಬಳ ದೊರೆತದ್ದು ಒಂದು ಸ್ವಾರಸ್ಯ. ೧೮೬೧ ಮತ್ತು ೧೮೬೯ರಲ್ಲಿ ಲಲಿತಕಲೆಗಳ ಅಕಾಡೆಮಿಯು ವಾದ್ಯಗೋಷ್ಠಿಯ ರಚನೆಗಳಿಗಾಗಿ ಆಕೆಗೆ ಶಾರ್ತಿಯೆ ಪಾರಿತೋಷಕವನ್ನು ಕೊಟ್ಟಿತು. ಆ ವೇಳೆಗೆ ಆಕೆ ರಚನೆಯನ್ನು ಬಹುಮಟ್ಟಿಗೆ ನಿಲ್ಲಿಸಿದ್ದಳು. ಒಳ್ಳೆಯ ಪಿಯಾನೋ ವಾದಕಿಯಾಗಿದ್ದ ಮಗಳು ವಿಕ್ತೊರೀನ್ ೧೮೫೯ರಲ್ಲಿ ತೀರಿಕೊಂಡಿದ್ದಳು. ಉಳಿದ ಕಾಲವನ್ನು ಗಂಡನೊಡನೆ, ೧೮೬೫ರಲ್ಲಿ ಅವನು ಹೋದಮೇಲೆ ಒಬ್ಬಳೇ, ‘ಪಿಯಾನೋ ವಾದಕರ ಭಂಡಾರ’ವೆಂಬ ಗ್ರಂಥಮಾಲೆಗೆ ಮೀಸಲಿಟ್ಟಳು. ಹಿಂದಿನ ಮೂರು ಶತಮಾನಗಳ ಕೀಲಿವಾದ್ಯ ಸಂಗೀತವನ್ನು ೨೩ ಸಂಪುಟಗಳಲ್ಲಿ ಸಂಪಾದಿಸಿದ ಈ ಕಾರ್ಯ ೧೮೭೪ರಲ್ಲಿ ಮುಗಿಯಿತು. ಮರುವರ್ಷ ಆಕೆ ಕಾಲವಾದಳು. ಪರರ ಮರೆತ ಕೃತಿಗಳನ್ನು ಅಚ್ಚಿಗೆ ತಂದವಳ ಸ್ವಂತ ಸಿಂಫೊನಿಗಳು ಹಸ್ತಪ್ರತಿಯಲ್ಲಿ ಉಳಿದವು. ೧೯೮೦ರಲ್ಲಿ ಬಿಯಾ ಫ್ರೀಡ್ಲಂಡ್ ಎಂಬ ವಿದುಷಿಯ ಗ್ರಂಥ ಬಂದ ಮೇಲೆಯೇ ಅವುಗಳ ಕಡೆಗೆ ವಿದ್ವಾಂಸರ ದೃಷ್ಟಿ ಸರಿಯಾಗಿ ಹರಿದುದು.

ಇನ್ನು ಸಮಕಾಲೀನರಾದ ಇಬ್ಬರನ್ನು ಒಟ್ಟಿಗೆ ನೋಡಬೇಕು. ಓಗುಸ್ತಾ ಓಲ್ಮೆಸ್ (೧೮೪೭–೧೯೦೩) ಐರ್ಲೆಂಡಿನ ಮೂಲದವಳು, ಪ್ಯಾರಿಸ್ಸಿನಲ್ಲಿ ಹುಟ್ಟಿದವಳು, ಸೆಸಾರ್ ಫ್ರಾಂಕನ ಶಿಷ್ಯೆ, ವಾಗ್ನರನ ಭಕ್ತೆ. ಮೊದಲ ಕೆಲವು ರಚನೆಗಳನ್ನು ಹರ್ಮಾನ್ ಝೆಂಟಾ ಎಂಬ ಗಂಡುಹೆಸರಿನಲ್ಲಿ ಪ್ರಕಟಿಸಿದಳು. ಆಕೆಗೆ ಚಿಕ್ಕದು ಸೇರದು: ‘ಆರ್ಗನಾಟರು’, ‘ಐರ್ಲೆಂಡ್’ ಮೊದಲಾದ ವೃಂದಕೃತಿಗಳು, ೧೮೮೯ರ ಮಹಾಪ್ರದರ್ಶನಕ್ಕೆ ಸಾವಿರಕ್ಕೂ ಮೀರಿದ ಗಾಯಕವಾದಕರು ಸೇರಿ ನಡೆಸಿದ ‘ವಿಜಯಗೀತೆ’, ೧೮೯೫ರಲ್ಲಿ ಪ್ಯಾರಿಸ್ಸಿನ ಆಪೆರಾ ರಂಗದಲ್ಲಿ ಬಂದು ೧೩ ಪ್ರದರ್ಶನಗಳಿಗೆ ನಿಂತ ‘ಕರಿಯ ಬೆಟ್ಟ’. ಸೆಸಿಲ್ ಶಾಮಿನಾದ್ (೧೮೫೭–೧೯೪೪) ಇದಕ್ಕೆ ಬೇರೆ ದಾರಿಯವಳು. ತಂದೆಯು ಸಂಗೀತಶಾಲೆಗೆ ಕಳುಹಿಸಲು ಒಪ್ಪದೆ ಮನೆಯಲ್ಲಿಯೇ ಪಾಠ ಹೇಳಿಸಿದನು. ಸುಮಾರು ನಾನೂರು ಕೃತಿಗಳನ್ನು ರಚಿಸಿದಳು. ಹೆಚ್ಚು ಕಡಮೆ ಎಲ್ಲವೂ ಅಚ್ಚಾದವು. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಮೆಚ್ಚುಗೆ, ೧೯೦೮ರಲ್ಲಿ ಅಮೆರಿಕದ ಪ್ರವಾಸ, ಅಲ್ಲಿ ಆಕೆಯ ಹೆಸರಿನ ಸಂಗೀತಸಂಘಗಳು, ೧೯೧೩ರಲ್ಲಿ ಲೆಝಿಯೋನ್ ದೊನರ್ ಬಿರುದು—ಇಷ್ಟು ಜನಪ್ರಿಯತೆ ಅಂದಿನ ಪುರುಷರಲ್ಲಿಯೂ ಕೆಲವರಿಗೆ ಮಾತ್ರ ದೊರೆತಿತ್ತು.

ವಿಮರ್ಶಕರು ಇಬ್ಬರನ್ನೂ ತಪ್ಪಿತಸ್ಥರೆಂದರು. ಓಲ್ಮೆಸಳನ್ನು ಕುರಿತು ಸೇಂ-ಸಾನ್ಸನು, ಕಲೆಗೆ ಕೈಹಾಕಿದ ಸ್ತ್ರೀಯರಿಗೆ ತಾವು ಸ್ತ್ರೀಯರೆಂಬುದನ್ನು ಮರೆಸುವುದೇ ದೊಡ್ಡ ಚಿಂತೆಯಾಗಿ ಪೌರುಷವನ್ನು ಉಕ್ಕಿಸುತ್ತಾರೆ, ಆ ಚಿಂತೆಯೇ ಅವರ ಸ್ತ್ರೀತ್ವವನ್ನು ಬಯಲು ಮಾಡುತ್ತದೆ ಎಂಬ ಅರ್ಥದ ಮಾತನ್ನು ಬರೆದನು. ಶಾಮಿನಾದಳ ಹಾಡುಗಳು ಮತ್ತು ಪಿಯಾನೋ ತುಣುಕುಗಳು ಸ್ತ್ರೀಸಹಜವಾದ ನಾಜೂಕಿನಿಂದ ಕೂಡಿ ಆಳವಿಲ್ಲದವು ಎನಿಸಿಕೊಂಡವು. ಅವಳೇ ೧೮೮೮ರಲ್ಲಿ ಪಿಯಾನೋ ಮತ್ತು ವಾದ್ಯವೃಂದಕ್ಕಾಗಿ ‘ಕೊನ್ಸೆರ್ಟ್‌ಷ್ಟ್ಯುಕ್’ ಎಂಬ ಗಟ್ಟಿಯಾದ ಕೃತಿಯನ್ನು ಕೊಟ್ಟಾಗ, ಅದು ಅತಿಯಾಗಿ ಪೌರುಷವುಳ್ಳದ್ದೆಂದು ಒಬ್ಬ ವಿಮರ್ಶಕನು ಆಕ್ಷೇಪಿಸಿದನು. ದೊಡ್ಡದಾಗಿ ಬರೆದರೆ ಗಂಡಿನ ವೇಷ, ಚಿಕ್ಕದಾಗಿ ಬರೆದರೆ ಹೆಣ್ಣಿನ ಅಲ್ಪತ್ವ! ಎರಡು ತುದಿಯಲ್ಲಿಯೂ ತಪ್ಪನ್ನೇ ತೋರಿಸುವ ಕೋಲು ಅಳತೆಗೋಲಲ್ಲ. ಅದನ್ನು ಬೇರೆ ಕೆಲಸಕ್ಕೆ ಉಪಯೋಗಿಸುತ್ತಾರೆ.

ಹಾಗೆಂದು ಈ ಇಬ್ಬರಲ್ಲಿ ದೋಷವಿಲ್ಲವೆಂದು ಹೇಳುವುದು ಇನ್ನೊಂದು ಬಗೆಯ ಅವಿಮರ್ಶೆ. ಓಲ್ಮೆಸಳ ವೃಂದಕೃತಿಗಳಲ್ಲಿ ಆರಂಭಗಳು ಭವ್ಯ, ಮುಂದುವರಿಕೆಗಳು ದುರ್ಬಲ. ವಸ್ತುವನ್ನು ಬೆಳೆಸುವುದರ ಬದಲು ಹೆಚ್ಚು ವಾದ್ಯಗಳಿಂದ ಮತ್ತೊಮ್ಮೆ ಹೇಳುವುದು ಆಕೆಯ ಚಾಳಿ. ಇದು ಪೌರುಷವೂ ಅಲ್ಲ, ಸ್ತ್ರೀತ್ವವೂ ಅಲ್ಲ. ವಾಗ್ನರನನ್ನು ದೂರದಿಂದ ಪೂಜಿಸಿದ ಅನೇಕ ಫ್ರೆಂಚ್ ಪುರುಷರಲ್ಲಿಯೂ ಇದ್ದ ರೋಗ. ಶಾಮಿನಾದಳಾದರೋ ಮಾರಾಟವಾಗುವ ಮಾದರಿಯೊಂದನ್ನು ಕಂಡುಕೊಂಡು ಅದನ್ನೇ ನೂರಾರು ಸಲ ಮಾಡಿದಳು. ಜೀವನೋಪಾಯಕ್ಕೆ ಅದು ಬೇಕಾಗಿತ್ತು. ತಂದೆಯು ೧೮೮೭ರಲ್ಲಿ ತೀರಿಕೊಂಡ ಮೇಲೆ ದುಡಿಮೆಯೇ ಆಧಾರ. ಆದರೆ ಸಿ ಮೈನರ್ ಪಿಯಾನೋ ಸೊನಾಟದ ಮೊದಲ ಖಂಡದ ಹೆಣಿಗೆಯನ್ನು ನೋಡಿದವರು ಈಕೆಗೆ ವಿದ್ಯೆ ಸಾಲದೆಂದು ಹೇಳಲಾರರು. ೧೯೦೨ರಲ್ಲಿ ಕಾನ್ಸರ್ವತ್ವಾರಿನ ಕೊಳಲಿನ ಪರೀಕ್ಷೆಗಾಗಿ ಬರೆದ ‘ಕೊನ್ಸೆರ್ತೀನೊ’ವನ್ನು ಇಂದಿಗೂ ಪಾಶ್ಚಾತ್ಯ ಕೊಳಲನ್ನು ಅಭ್ಯಾಸ ಮಾಡುವವರು ನುಡಿಸದೆ ಬಿಡುವುದಿಲ್ಲ. ನಾನೂರರಲ್ಲಿ ಒಂದು ಉಳಿಯಿತೆಂದರೆ ಅದಕ್ಕೆ ಸಂಗೀತಶಾಲೆಯ ಪಾಠಪಟ್ಟಿ ಕಾರಣ, ವಿಮರ್ಶಕರಲ್ಲ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ‘ಪ್ರೀ ದ ರೋಮ್’ ಎಂಬ ಸ್ಪರ್ಧೆಯ ಸಂಗತಿ ಎದುರಾಗುತ್ತದೆ. ಲಲಿತಕಲೆಗಳ ಅಕಾಡೆಮಿಯು ನಡೆಸುತ್ತಿದ್ದ ಈ ಸ್ಪರ್ಧೆಯಲ್ಲಿ ಗೆದ್ದವರಿಗೆ ರೋಮಿನ ವಿಲ್ಲಾ ಮೆದಿಚಿಯಲ್ಲಿ ಇದ್ದು ರಚನೆಮಾಡಲು ಸರ್ಕಾರದ ವೇತನ. ಬೆರ್ಲಿಯೋಜ್, ಬಿಝೆ, ದೆಬುಸ್ಸಿ ಎಲ್ಲರೂ ಈ ದಾರಿಯಲ್ಲಿ ಬಂದವರು. ೧೯೦೩ರಲ್ಲಿ ಸ್ತ್ರೀಯರಿಗೂ ಪ್ರವೇಶ ದೊರೆಯಿತು. ನಾದ್ಯಾ ಬುಲಾಂಜೆ ೧೯೦೮ರಲ್ಲಿ ಸ್ಪರ್ಧಿಸಿ, ಕೊಟ್ಟ ವಸ್ತುವಿನ ಮೇಲೆ ಗಾಯನಕ್ಕೆ ಫ್ಯೂಗ್ ರಚಿಸುವುದರ ಬದಲು ತಂತಿವಾದ್ಯಗಳಿಗೆ ರಚಿಸಿದಳು. ಸೇಂ-ಸಾನ್ಸನು ನಿಯಮಭಂಗವೆಂದು ಆಕ್ಷೇಪಿಸಿದನು. ದೊಡ್ಡ ವಾದವೇ ನಡೆಯಿತು. ಕೊನೆಗೆ ಎರಡನೆಯ ಸ್ಥಾನ ದೊರೆಯಿತು. ಮುಂದೆ ಈಕೆ ರಚನೆಯನ್ನು ಬಿಟ್ಟು, ೧೯೭೯ರಲ್ಲಿ ಕಾಲವಾಗುವವರೆಗೂ ಅಧ್ಯಾಪನದಲ್ಲಿಯೇ ಇದ್ದು, ಯೂರೋಪ್ ಅಮೆರಿಕಗಳ ಒಂದೆರಡು ತಲೆಮಾರಿನ ಸಂಗೀತಕರ್ತೃಗಳಿಗೆ ಗುರುವಾದಳು.

ತಂಗಿಯಾದ ಲಿಲಿ ಬುಲಾಂಜೆ ೧೮೯೩ರಲ್ಲಿ ಹುಟ್ಟಿ, ಎರಡನೆಯ ವಯಸ್ಸಿನಿಂದ ರೋಗಪೀಡಿತಳಾಗಿ, ೧೯೧೮ರ ಮಾರ್ಚ್ ೧೫ರಂದು ೨೪ನೆಯ ವಯಸ್ಸಿನಲ್ಲಿ ತೀರಿಕೊಂಡಳು. ೧೯೧೩ರಲ್ಲಿ ‘ಫೌಸ್ಟ್ ಮತ್ತು ಹೆಲೆನ್’ ಎಂಬ ಕಾಂತಾತದಿಂದ ಪ್ರೀ ದ ರೋಮಿನ ಪ್ರಥಮ ಪಾರಿತೋಷಕವನ್ನು ಗೆದ್ದಾಗ ಆಕೆಗೆ ೧೯ ವರ್ಷ. ಸಂಗೀತವಿಭಾಗದಲ್ಲಿ ಅದನ್ನು ಗೆದ್ದ ಮೊದಲ ಸ್ತ್ರೀ. ಅಂದಿನ ಪತ್ರಿಕೆಗಳು ಕೃತಿಗಿಂತ ಹೆಚ್ಚಾಗಿ ಆಕೆಯ ನಸುಗೆಂಪಿಲ್ಲದ ಮುಖ, ಬಿಳಿಯ ಉಡುಪು, ಸೌಮ್ಯವಾದ ನಿಲುವುಗಳನ್ನೇ ವರ್ಣಿಸಿದವು. ಮರಣಾನಂತರ ಈ ವರ್ಣನೆಯೇ ಪುರಾಣವಾಯಿತು. ಅಕಾಲಮರಣದ ಕರುಣೆ ಓಲ್ಮೆಸಳ ಮೇಲಿನ ಹೀಯಾಳಿಕೆಗಿಂತ ಸಭ್ಯವಾದದ್ದು. ಆದರೆ ಕೃತಿಯನ್ನು ಮರೆಮಾಡುವುದರಲ್ಲಿ ಅದಕ್ಕಿಂತ ಕಡಮೆಯಾದದ್ದಲ್ಲ. ೧೩೦ನೆಯ ಕೀರ್ತನೆಯ ಮೇಲಿನ ‘ಆಳದೊಳಗಿಂದ’ ಎಂಬ ರಚನೆ ಚೆಲ್ಲೊ ಮತ್ತು ಟ್ಯೂಬಗಳ ಕೆಳಸ್ಥಾಯಿಯ ದನಿಯಲ್ಲಿ, ನೆಲದಡಿಯಿಂದ ಎದ್ದುಬರುವಂತೆ, ಆರಂಭವಾಗುತ್ತದೆ. ಇದನ್ನು ಕೇಳಿ ‘ನಾಜೂಕಾದ ಬಾಲೆ’ಯನ್ನು ಕಲ್ಪಿಸುವುದಕ್ಕೆ ವಿಶೇಷವಾದ ಕಿವುಡುತನ ಬೇಕು. ಇದನ್ನು ರೋಗಿಯ ಸ್ವಂತ ಗೋಳೆಂದು ಅರ್ಥಮಾಡುವ ವಾಡಿಕೆಯೂ ನನಗೆ ಸಮ್ಮತವಲ್ಲ. ಈ ಕೃತಿ ೧೯೦೦ರಲ್ಲಿ ತೀರಿಕೊಂಡ ತಂದೆಯ ಸ್ಮರಣೆಗೆ ಅರ್ಪಿತವಾದುದು, ಮುಗಿದದ್ದು ೧೯೧೭ರಲ್ಲಿ, ಮಹಾಯುದ್ಧದ ನಡುವೆ. ಆ ವರ್ಷಗಳಲ್ಲಿ ಅಕ್ಕತಂಗಿಯರಿಬ್ಬರೂ ರಣರಂಗಕ್ಕೆ ಹೋದ ಸಂಗೀತವಿದ್ಯಾರ್ಥಿಗಳಿಗೆ ನೆರವು ನೀಡುವ ಸಮಿತಿಯನ್ನು ನಡೆಸುತ್ತಿದ್ದರು. 'ಆಳ'ವು ಆಗ ಒಬ್ಬಳದೇ ಆಗಿರಲಿಲ್ಲ.

ನಮ್ಮ ವಾಚಕರಿಗೆ ಲಿಲಿಯ ಇನ್ನೊಂದು ಕೃತಿ ವಿಶೇಷವಾಗಿ ಪರಿಚಯವಾಗತಕ್ಕದ್ದು. ೧೯೧೪ರಿಂದ ೧೯೧೭ರವರೆಗೆ ರಚಿಸಿದ ‘ಹಳೆಯ ಬೌದ್ಧಪ್ರಾರ್ಥನೆ’ಗೆ ಸಾಹಿತ್ಯವು ಬುದ್ಧಘೋಷಾಚಾರ್ಯನ ಪಾಳಿಗ್ರಂಥವಾದ ‘ವಿಸುದ್ಧಿಮಗ್ಗ’ದಿಂದ ಬಂದುದು. ಅದನ್ನು ಫ್ರೆಂಚಿಗೆ ತಿರುಗಿಸಿದವಳು ಸುಝಾನ್ ಕಾರ್ಪೆಲೆಸ್, ಕೊನೆಗಾಲದಲ್ಲಿ ಪುದುಚ್ಚೇರಿಯಲ್ಲಿ ನೆಲಸಿದ ಭಾರತವಿದ್ಯಾ ಪಂಡಿತೆ. ಪೂರ್ವಪಶ್ಚಿಮಗಳಲ್ಲಿ, ಉತ್ತರದಕ್ಷಿಣಗಳಲ್ಲಿ ಇರುವ ಸ್ತ್ರೀಪುರುಷಾದಿ ಸಕಲ ಪ್ರಾಣಿಗಳೂ ವೈರವಿಲ್ಲದೆ, ದುಃಖವಿಲ್ಲದೆ ತಮ್ಮ ತಮ್ಮ ಹಾದಿಯಲ್ಲಿ ನಡೆಯಲಿ ಎಂಬ ಮೈತ್ರೀಭಾವನೆ ಅದರ ತಾತ್ಪರ್ಯ. ಅಂದಿನ ಫ್ರೆಂಚರು ಪೂರ್ವದೇಶದ ವಸ್ತುವನ್ನು ಹಿಡಿದರೆ ಗಂಟೆ, ಗೆಜ್ಜೆ, ಬಳುಕುವ ರಾಗಗಳಿಂದ ಅಲಂಕರಿಸದೆ ಬಿಡುತ್ತಿರಲಿಲ್ಲ. ಲಿಲಿಯು ಅದೊಂದನ್ನೂ ಮಾಡಲಿಲ್ಲ. ಗಾಯಕವೃಂದವು ಕ್ರೈಸ್ತ ದೇವಾಲಯದ ಹಳೆಯ ಸರಳ ಗಾನದಂತೆ ಒಂದೇ ಗತಿಯಲ್ಲಿ ನಡೆಯುತ್ತದೆ. ಟೆನರ್ ಗಾಯಕನ ದನಿ ಅದರೊಳಗಿನಿಂದಲೇ ಏಳುತ್ತದೆ. ಸ್ವರಮೇಳಗಳು ಮೇಜರ್ ಮೈನರುಗಳ ಕಟ್ಟನ್ನು ಬಿಟ್ಟು ಪ್ರಾಚೀನ ಮೋಡುಗಳ ಕಡೆಗೆ ವಾಲುತ್ತವೆ. ಪ್ರಾರ್ಥನೆಯು ವಿಚಿತ್ರವಾದ ಪರದೇಶದ ವಸ್ತುವಾಗಿ ಕೇಳಿಸದೆ ಪ್ರಾರ್ಥನೆಯಾಗಿಯೇ ಕೇಳಿಸುತ್ತದೆ. ಬರೆದವಳು ಇಪ್ಪತ್ತು ದಾಟಿದ್ದ ಹುಡುಗಿ, ಹಾಸಿಗೆ ಹಿಡಿದವಳು ಎಂಬುದನ್ನು ಅರಿಯದ ಕೇಳುಗನಿಗೂ ಇದು ಹೀಗೆಯೇ ಕೇಳಿಸಬೇಕು. ಆಕೆ ತೀರಿಕೊಂಡು ಮೂರು ವರ್ಷಗಳಾದ ಮೇಲೆ, ೧೯೨೧ರಲ್ಲಿ, ಅದರ ಮೊದಲ ಪ್ರಯೋಗವು ನಡೆಯಿತು.